ಮರದ ಹಾಯಿಹಡಗಿನ ಮಾದರಿ: ರಚನೆ, ಕೆತ್ತನೆ ಮತ್ತು ಆರೋಗ್ಯ ರಕ್ಷಣೆ

ಗೋಲ್ಕೊಂಡ ಕೋಟೆಯ ಪಶ್ಚಿಮಕ್ಕಿರುವ ಮಣಿಕೊಂಡಕ್ಕೂ ಕಡಲಿಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಆದರೆ ಇದೇ ಗೋಲ್ಕೊಂಡವನ್ನಾಳಿದ ಕುತುಬ್‌ಶಾಹಿ ಸುಲ್ತಾನರ ಹಡಗುಗಳು ಮಚಲೀಪಟ್ಟಣದಿಂದ ಪರ್ಷಿಯಾದವರೆಗೆ ಸಾಗುತ್ತಿದ್ದವು. ಪುರಾತನ ಹಡಗೊಂದರ ಚಿತ್ರವನ್ನು ಉಳಿಸಿಕೊಂಡಿರುವ ಅಜಂತೆಯ ಗುಹೆಗಳೂ 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಅಜಂತೆಯ ವರ್ಣಚಿತ್ರಗಳ ಪ್ರತಿಕೃತಿಗಳನ್ನು ಹೈದರಾಬಾದಿನ ಪಬ್ಲಿಕ್ ಗಾರ್ಡನ್ಸ್‌ನಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು.

ಮಣಿಕೊಂಡದ ಬಹುಮಹಡಿ ಮನೆಗಳಲ್ಲಿ ಇಂದು ಎರಡು ಬಗೆಯ ಕನ್ನಡಿಗರಿದ್ದಾರೆ. ದಿನವಿಡೀ ಗಣಕಯಂತ್ರದ ಮುಂದೆ ಕುಳಿತು ದುಡಿಯುವ ಮಕ್ಕಳು ಒಂದು ಕಡೆ. ಶಿವಮೊಗ್ಗ, ಧಾರವಾಡ, ಕುಂದಾಪುರಗಳ ಮನೆಗಳಿಗೆ ಬೀಗ ಹಾಕಿ ಅವರೊಡನೆ ಇರಲು ಬಂದ ತಂದೆತಾಯಿಗಳು ಇನ್ನೊಂದು ಕಡೆ. ಮೊದಲಿನವರಿಗೆ ಬಿಡುವಿಲ್ಲ, ಎರಡನೆಯವರಿಗೆ ಕೆಲಸವಿಲ್ಲ. ಈ ಇಬ್ಬರೂ ಮೊಮ್ಮಕ್ಕಳೊಡನೆ ಒಂದೇ ಮೇಜಿನ ಸುತ್ತ ಕುಳಿತು ಮಾಡಬಹುದಾದ ಕೆಲಸಗಳು ವಿರಳ. ಮರದ ಹಾಯಿಹಡಗಿನ ಮಾದರಿಯನ್ನು ಕಟ್ಟುವುದು ಅಂಥವುಗಳಲ್ಲೊಂದು.

ಯಾವ ಹಡಗನ್ನು ಆರಿಸಬೇಕು?

ಯುರೋಪಿನ ಯುದ್ಧನೌಕೆಗಳ ಮಾದರಿಗಳೇ ಪೇಟೆಯಲ್ಲಿ ಹೆಚ್ಚು. ಆದರೆ ಕನ್ನಡಿಗರಿಗೆ ಸಮೀಪದ ಉದಾಹರಣೆಯೊಂದು ಕಾರವಾರದಲ್ಲಿದೆ. ಅಜಂತೆಯ ಚಿತ್ರವನ್ನು ಆಧರಿಸಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ನಿರ್ಮಿಸಿದ ‘ಕೌಂಡಿನ್ಯ’ ಎಂಬ ಹಾಯಿಹಡಗನ್ನು ಭಾರತೀಯ ನೌಕಾದಳವು 2025ರ ಮೇ 21ರಂದು ಕಾರವಾರದಲ್ಲಿ ಸೇರ್ಪಡೆ ಮಾಡಿಕೊಂಡಿತು. ಅದೇ ವರ್ಷದ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟ ಈ ಹಡಗು, 2026ರ ಜನವರಿಯಲ್ಲಿ ಒಮಾನ್ ದೇಶದ ಮಸ್ಕತ್ ನಗರವನ್ನು ತಲುಪಿತು. ಇದರ ಹಾಯಿಯ ಮೇಲೆ ಗಂಡಭೇರುಂಡ ಮತ್ತು ಸೂರ್ಯನ ಚಿತ್ರಗಳೂ, ಮುಂಬದಿಯಲ್ಲಿ ಸಿಂಹಯಾಳಿಯ ಕೆತ್ತನೆಯೂ, ಅಟ್ಟದ ಮೇಲೆ ಹರಪ್ಪ ಶೈಲಿಯ ಕಲ್ಲಿನ ಲಂಗರೂ ಇವೆ.

ಪ್ರಾಚೀನ ಹಡಗಿನ ನಕ್ಷೆ ಯಾವುದೂ ಉಳಿದಿರಲಿಲ್ಲ. ಗೋಡೆಯ ಮೇಲಿನ ಚಪ್ಪಟೆ ಚಿತ್ರದಿಂದ ಕಡಲಿನಲ್ಲಿ ತೇಲುವ ಗಾತ್ರವನ್ನು ಊಹಿಸಬೇಕಾಗಿತ್ತು. ಆದುದರಿಂದ ಮದರಾಸಿನ ಐ.ಐ.ಟಿ.ಯ ಸಾಗರ ಎಂಜಿನಿಯರಿಂಗ್ ವಿಭಾಗದ ನೆರವಿನಿಂದ ಮಾದರಿಯೊಂದನ್ನು ನೀರಿನಲ್ಲಿ ಪರೀಕ್ಷಿಸಲಾಯಿತು. ಮಾದರಿಯೆಂಬುದು ಕೇವಲ ಆಟಿಕೆಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಅಳತೆ ಮತ್ತು ಮರ

ಕೌಂಡಿನ್ಯದ ಉದ್ದ ಸುಮಾರು 20 ಮೀಟರ್. ಅಗಲ ಅದರ ಮೂರನೆಯ ಒಂದು ಭಾಗದಷ್ಟು. ಐವತ್ತಕ್ಕೆ ಒಂದರ ಪ್ರಮಾಣದಲ್ಲಿ ಮಾಡಿದರೆ ಮಾದರಿಯ ಉದ್ದ 40 ಸೆಂಟಿಮೀಟರ್ ಆಗುತ್ತದೆ. ಈ ಪ್ರಮಾಣದಲ್ಲಿ 165 ಸೆಂಟಿಮೀಟರ್ ಎತ್ತರದ ನಾವಿಕನು 3.3 ಸೆಂಟಿಮೀಟರ್ ಎತ್ತರವಿರುತ್ತಾನೆ. ಇಂಥ ಕಾಗದದ ಮನುಷ್ಯನೊಬ್ಬನನ್ನು ಕತ್ತರಿಸಿ ಮೇಜಿನ ಮೇಲೆ ನಿಲ್ಲಿಸಿಕೊಳ್ಳಬೇಕು. ಚುಕ್ಕಾಣಿಯ ಹುಟ್ಟನ್ನೋ ಲಂಗರನ್ನೋ ಮಾಡಿದಾಗ ಅವನ ಪಕ್ಕದಲ್ಲಿರಿಸಿದರೆ ಅಳತೆಯ ತಪ್ಪು ಒಡನೆಯೇ ಕಣ್ಣಿಗೆ ಬೀಳುತ್ತದೆ.

ಮೃದುವಾದ ಮರವೇ ಆರಂಭಕ್ಕೆ ಲೇಸು. ಚನ್ನಪಟ್ಟಣದ ಬೊಂಬೆಗಳಿಗೆ ಬಳಸುವ ಹಾಲೆಮರ, ತೆಲಂಗಾಣದ ನಿರ್ಮಲ್ ಬೊಂಬೆಗಳಿಗೆ ಬಳಸುವ ಪೊಣಿಕಿ ಮರ ಕೆತ್ತನೆಗೆ ಯೋಗ್ಯವಾದವು. ತೇಗ, ಬೀಟೆಗಳು ನೋಟಕ್ಕೆ ಸೊಗಸಾದರೂ ಅವುಗಳ ಧೂಳು ಹಲವರಲ್ಲಿ ಚರ್ಮದ ತುರಿಕೆಯನ್ನೂ ಉಬ್ಬಸವನ್ನೂ ಉಂಟುಮಾಡಬಲ್ಲದು.

ಒಡಲಿನ ರಚನೆ

ಯುರೋಪಿನ ಹಡಗಿನಲ್ಲಿ ಪಕ್ಕೆಲುಬುಗಳನ್ನು ಮೊದಲು ನಿಲ್ಲಿಸಿ ಅನಂತರ ಹಲಗೆ ಹೊದಿಸುವುದು ವಾಡಿಕೆ. ಹೊಲಿದ ಹಡಗಿನಲ್ಲಿ ಕ್ರಮ ತಿರುವುಮುರುವು. ಮೊದಲು ಅಡಿಮರ, ಬಳಿಕ ಒಂದರ ಅಂಚಿಗೆ ಒಂದನ್ನು ಹೊಲಿದ ಹಲಗೆಗಳು, ಕಡೆಗೆ ಒಳಗಿನ ಪಕ್ಕೆಲುಬುಗಳು.

ಮಾದರಿಯಲ್ಲಿ ಇದನ್ನು ಸಾಧಿಸಲು ದಪ್ಪ ರಟ್ಟಿನ ಅಡ್ಡಕೊಯ್ತಗಳಿಂದ ಒಡಲಿನ ಆಕಾರದ ಅಚ್ಚನ್ನು ಸಿದ್ಧಪಡಿಸಿ, ಅಡಿಮರವನ್ನು ಅದರ ನಡುವೆ ಕೂಡಿಸಬೇಕು. ಒಂದು ಮಿಲಿಮೀಟರ್ ದಪ್ಪದ ಮರದ ಪಟ್ಟಿಗಳನ್ನು ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಯಿಸಿ, ಅಚ್ಚಿನ ಮೇಲೆ ಬಾಗಿಸಿ, ದಾರದಿಂದ ಬಿಗಿದು ಇಡೀ ರಾತ್ರಿ ಒಣಗಲು ಬಿಡತಕ್ಕದ್ದು. ಮರುದಿನ ಅವು ಬಾಗಿದ ಆಕಾರದಲ್ಲಿಯೇ ನಿಲ್ಲುತ್ತವೆ. ಪಟ್ಟಿಯ ಎರಡೂ ಅಂಚುಗಳಲ್ಲಿ ಐದಾರು ಮಿಲಿಮೀಟರ್ ಅಂತರದಲ್ಲಿ ಸಣ್ಣ ಕೈಬೈರಿಗೆಯಿಂದ ರಂಧ್ರ ಕೊರೆದು, ಮೇಣ ಸವರಿದ ದಪ್ಪ ದಾರದಿಂದ ಹೊಲಿಯಬೇಕು. ರಂಧ್ರಗಳು ಅಂಚಿಗೆ ತೀರ ಸಮೀಪವಾದರೆ ಮರ ಸೀಳುತ್ತದೆ. ಎಡಬದಿಗೆ ಒಂದು ಹಲಗೆಯನ್ನು ಹೊಲಿದೊಡನೆ ಬಲಬದಿಗೂ ಒಂದನ್ನು ಹೊಲಿಯದಿದ್ದರೆ ಒಡಲು ಒಂದು ಕಡೆಗೆ ಸೊಟ್ಟಗಾಗುತ್ತದೆ. ಹೊಲಿಗೆ ಮುಗಿದ ಮೇಲೆ ಅಚ್ಚನ್ನು ತೆಗೆದು, ಪಕ್ಕೆಲುಬುಗಳನ್ನು ಒಳಗಿನಿಂದ ಮರದ ಅಂಟಿನಿಂದ ಕೂಡಿಸಬೇಕು. ಮೊಳೆಯ ಬಡಿತವಿಲ್ಲದ ಈ ಕ್ರಮದಿಂದ ನೆರೆಮನೆಯವರ ಮಧ್ಯಾಹ್ನದ ನಿದ್ದೆಗೂ ಭಂಗವಿಲ್ಲ!

ಕೆತ್ತನೆಯ ವಿವರ

ಮುಂಬದಿಯ ಸಿಂಹಯಾಳಿಯೇ ಮಾದರಿಗೆ ಕಳೆ ಕೊಡುವ ಭಾಗ. ಸಾಗರ, ಸೊರಬ, ಶಿರಸಿಗಳ ಗುಡಿಗಾರರು ಗಂಧದ ಮರದಲ್ಲಿ ತೋರುವ ನಯವು ಹೊಸಬರಿಗೆ ದಕ್ಕಲಾರದು; ಆದರೆ ಕ್ರಮವನ್ನರಿತರೆ ಒಪ್ಪವಾದ ಮೂರ್ತಿ ಮೂಡುತ್ತದೆ.

ಬೇಕಾದುದಕ್ಕಿಂತ ಎರಡರಷ್ಟು ಉದ್ದದ ತುಂಡನ್ನು ಆರಿಸಿ, ಒಂದು ತುದಿಯಲ್ಲಿ ಮಾತ್ರ ಕೆತ್ತಬೇಕು. ಉಳಿದ ಭಾಗವನ್ನು ಮೇಜಿಗೆ ಬಿಗಿದ ಹಿಡಿಕೆಗೆ ಸಿಕ್ಕಿಸಬಹುದು. ಮರದ ಎಳೆಯು ಮೂತಿಯುದ್ದಕ್ಕೂ ಸಾಗಬೇಕು. ಅಡ್ಡವಾದರೆ ದವಡೆ ಮುರಿಯುವುದು ಖಂಡಿತ. ಮೊದಲು ಪಕ್ಕದ ನೋಟವನ್ನು, ಬಳಿಕ ಎದುರಿನ ನೋಟವನ್ನು ಬರೆದು ಗರಗಸದಿಂದ ಕತ್ತರಿಸಿ, ಅನಂತರ ಮೂಲೆಗಳನ್ನು ಉರುಟು ಮಾಡಬೇಕು. ಕಣ್ಣು, ಹಲ್ಲು, ಕೇಸರಗಳು ಕೊನೆಯ ಕೆಲಸ. ಈ ಗಾತ್ರದಲ್ಲಿ ಕೇಸರದ ಪ್ರತಿ ಕೂದಲನ್ನೂ ಕೊರೆಯಹೊರಟರೆ ಮುಖವು ಒಡಕಲಾಗಿ ಕಾಣುತ್ತದೆ. ಐದಾರು ಆಳವಾದ ಗೆರೆಗಳೇ ಸಾಕು.

ಲಂಗರನ್ನು ಬಳಪದ ಕಲ್ಲಿನಲ್ಲಿ ಮಾಡಬಹುದು. ಧೂಳೇಳದಂತೆ ಅದನ್ನು ನೀರಿನಲ್ಲಿ ನೆನೆಯಿಸಿಯೇ ಉಜ್ಜಬೇಕು. ಹಾಯಿಗೆ ಹಳೆಯ ತೆಳುಪಂಚೆಯ ಬಟ್ಟೆ ಯೋಗ್ಯವಾದುದು. ಚಹಾದ ನೀರಿನಲ್ಲಿ ಅದ್ದಿ ತೆಗೆದರೆ ಹೊಸಬಿಳುಪು ಹೋಗುತ್ತದೆ. ಗಂಡಭೇರುಂಡವನ್ನು ಬಟ್ಟೆಯ ಮೇಲೆ ಬಣ್ಣದಿಂದ ಬರೆದ ಬಳಿಕವೇ ಹಾಯಿಯನ್ನು ಕೂವೆಮರಕ್ಕೆ ಕಟ್ಟಬೇಕು.

ಆರೋಗ್ಯದ ಎಚ್ಚರ

ಈ ಹವ್ಯಾಸದಲ್ಲಿ ಉಳಿಗಿಂತ ಧೂಳೇ ದೊಡ್ಡ ಶತ್ರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1995ರಲ್ಲಿ ಮರದ ಧೂಳನ್ನು ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು. ಇದು ಮುಖ್ಯವಾಗಿ ವರ್ಷಗಟ್ಟಲೆ ಧೂಳಿನಲ್ಲಿ ದುಡಿಯುವ ಬಡಗಿಗಳ ಮೂಗಿನ ಕ್ಯಾನ್ಸರಿಗೆ ಸಂಬಂಧಿಸಿದ ನಿರ್ಣಯ. ವಾರಕ್ಕೆ ಎರಡು ಗಂಟೆ ಕೆಲಸ ಮಾಡುವವರಿಗೆ ಅಪಾಯ ಬಹಳ ಕಡಿಮೆ. ಆದರೆ ಮುಚ್ಚಿದ ಕೋಣೆಯಲ್ಲಿ ಅಜ್ಜನು ಮರ ಉಜ್ಜುತ್ತಿರುವಾಗ ಪಕ್ಕದಲ್ಲಿ ಉಬ್ಬಸವಿರುವ ಮೊಮ್ಮಗುವಿದ್ದರೆ, ಆ ರಾತ್ರಿಯೇ ಮನೆಮಂದಿಯೆಲ್ಲ ಆಸ್ಪತ್ರೆಗೆ ಓಡಬೇಕಾದೀತು. ಮರ ಉಜ್ಜುವ ಕೆಲಸವನ್ನು ಮನೆಯ ಹೊರಗೆ, ಮುಖಕ್ಕೆ ಎನ್-95 ಮುಸುಕು ಧರಿಸಿ, ಮಕ್ಕಳನ್ನು ದೂರವಿರಿಸಿ ಮಾಡಬೇಕು. ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಕ್ಷಣಮಾತ್ರದಲ್ಲಿ ಹಿಡಿಯುವ ಅಂಟಿನ ಆವಿ ಕಣ್ಣು ಮೂಗುಗಳನ್ನು ಕೆರಳಿಸುವುದರಿಂದ ಬಿಳಿಯ ಮರದಂಟೇ ಮನೆಗೆ ತಕ್ಕುದು.

ಮರಕ್ಕೆ ಅಗಸೆ ಎಣ್ಣೆ ಸವರುವವರು ಇನ್ನೊಂದು ಸಂಗತಿಯನ್ನು ಅರಿತಿರಬೇಕು. ಎಣ್ಣೆಯಾದ ಬಟ್ಟೆಯನ್ನು ಮುದ್ದೆ ಮಾಡಿ ಬುಟ್ಟಿಗೆಸೆದರೆ ಅದು ಒಳಗೇ ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳಬಲ್ಲದು. ಅದನ್ನು ನೀರಿನಲ್ಲಿ ನೆನೆಯಿಸಿ, ಇಲ್ಲವೇ ಹೊರಗೆ ಹರಡಿ ಒಣಗಿಸಿ ಎಸೆಯಬೇಕು.

ಮೊಂಡಾದ ಉಳಿಗೆ ಹೆಚ್ಚು ಬಲ ಬೇಕು. ಬಲ ಹೆಚ್ಚಿದಷ್ಟೂ ಅದು ಜಾರುತ್ತದೆ. ಆದುದರಿಂದ ಹರಿತವಾದ ಉಳಿಯೇ ಸುರಕ್ಷಿತ. ಇನ್ನೊಂದು ಕೈ ಎಂದಿಗೂ ಉಳಿಯ ದಾರಿಯಲ್ಲಿರಕೂಡದು. ಬೆರಳು ಕೊಯ್ದರೆ ಗಾಯವನ್ನು ಶುದ್ಧ ನೀರಿನಿಂದ ತೊಳೆದು, ಚೊಕ್ಕಟ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಮೇಲೆತ್ತಬೇಕು. ಕಾಫಿಪುಡಿ, ಸುಣ್ಣ, ಅರಿಸಿನಗಳನ್ನು ಮೆತ್ತಬಾರದು. ರಕ್ತ ತೆಳುವಾಗಿಸುವ ಗುಳಿಗೆಗಳನ್ನು ಸೇವಿಸುವವರೂ, ಮಧುಮೇಹದಿಂದ ಬೆರಳುಗಳ ಸ್ಪರ್ಶಜ್ಞಾನ ಕುಂದಿದವರೂ ಕೆತ್ತನೆಯನ್ನು ಮನೆಯ ಇತರರಿಗೆ ಬಿಟ್ಟು, ಬಣ್ಣ ಮತ್ತು ಹಾಯಿಯ ಕೆಲಸವನ್ನು ವಹಿಸಿಕೊಳ್ಳುವುದು ವಿವೇಕ. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡು ಹತ್ತು ವರ್ಷ ಕಳೆದಿದ್ದರೆ ವೈದ್ಯರನ್ನು ಕೇಳಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ದೃಷ್ಟಿಯನ್ನು ದೂರಕ್ಕೆ ಹಾಯಿಸಿ, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದರೆ ಕಣ್ಣಿಗೂ ಬೆನ್ನಿಗೂ ಹಿತ.

ಹಡಗು ಕಟ್ಟುವುದು ಯಾವ ರೋಗಕ್ಕೂ ಔಷಧವಲ್ಲ. ಸಂಜೆಯ ನಡಿಗೆಗೆ ಬದಲಿಯೂ ಅಲ್ಲ. ಆದರೆ ತಿಂಗಳುಗಳ ಕಾಲ ಮೂರು ತಲೆಮಾರುಗಳನ್ನು ಒಂದೆಡೆ ಕೂಡಿಸುವ ಶಕ್ತಿ ಅದಕ್ಕಿದೆ. ಹುಟ್ಟು, ಹಾಯಿ, ಕೂವೆಮರ, ಚುಕ್ಕಾಣಿ, ಲಂಗರು ಎಂಬ ಮಾತುಗಳು ಮಣಿಕೊಂಡದ ಮಕ್ಕಳಿಗೆ ಶಾಲೆಯಲ್ಲಿ ದೊರೆಯುವುದು ಅಪರೂಪ. ಕೈಯಲ್ಲಿ ಆ ವಸ್ತುವನ್ನು ಹಿಡಿದು ಕಲಿತ ಮಾತು ಬೇಗನೆ ಮರೆತುಹೋಗುವುದಿಲ್ಲ. ಮಳೆಗಾಲದ ಒಂದು ಭಾನುವಾರ ಅಡಿಮರವನ್ನಿಟ್ಟು ಆರಂಭಿಸಿದರೆ, ರಾಜ್ಯೋತ್ಸವದ ವೇಳೆಗೆ ಹಾಯಿ ಏರಿಸಬಹುದು.