ಲಕ್ಷ್ಮೇಶ್ವರವೇ ಪುಲಿಗೆರೆಯೇ?

ಪ್ರಶ್ನೆ: ಪಂಪ ಹೆಸರಿಸುವ ಪುಲಿಗೆರೆ ಎಂದರೆ ಗದಗ ಜಿಲ್ಲೆಯ ಲಕ್ಷ್ಮೇಶ್ವರ ಎನ್ನುತ್ತಾರೆ. ನಿಜವೇ? ಆ ಹೆಸರು ಹೇಗೆ ಬಂತು? ಊರು ಎಷ್ಟು ಹಳೆಯದು?

ಉತ್ತರ: ನಿಜ. ಊರಿನ ಶಾಸನಗಳೇ ಅದನ್ನು ಹೇಳುತ್ತವೆ. ಪೊರಿಗೆರೆ, ಪುರಿಗೆರೆ, ಪುಲಿಗೆರೆ, ಹುಲಿಗೆರೆ ಎಂದು ಹೆಸರು ಕಾಲಕಾಲಕ್ಕೆ ಬೇರೆಬೇರೆ ರೂಪ ತಳೆದಿದೆ. ಪಾಲು ಹಾಲಾದಂತೆ ಪುಲಿ ಹುಲಿಯಾಯಿತು. ಸಂಸ್ಕೃತದಲ್ಲಿ ಬರೆದವರು ಪುಲಿಕರನಗರ ಎಂದರು. ಹುಲಿ ನೀರಿಗೆ ಬರುತ್ತಿದ್ದ ಕೆರೆ ಎಂಬ ವಿವರಣೆ ಕೇಳಲು ಚೆನ್ನ. ಆದರೆ ಎಂಟನೆಯ ಶತಮಾನದ ಶಾಸನದಲ್ಲೇ ಪೊರಿಗೆರೆ ಎಂಬ ರೂಪ ಸಿಗುವುದರಿಂದ ಹುಲಿಗಿಂತ ಕೆರೆಯನ್ನು ನಂಬುವುದು ಲೇಸು ಎಂದು ನನಗನ್ನಿಸುತ್ತದೆ. ಬಯಲುಸೀಮೆಯ ಎರೆನೆಲದಲ್ಲಿ ಕೆರೆ ಇದ್ದಲ್ಲಿ ಊರು.

ಆ ಶಾಸನದ ಬಗ್ಗೆ ತುಸು ಹೆಚ್ಚು ಹೇಳಲೇಬೇಕು. ಬಾದಾಮಿ ಚಾಲುಕ್ಯ ವಿಜಯಾದಿತ್ಯನ ಆಳ್ವಿಕೆಯಲ್ಲಿ, ಸುಮಾರು 725ರಲ್ಲಿ, ಯುವರಾಜ ವಿಕ್ರಮಾದಿತ್ಯನು ಪೊರಿಗೆರೆಯ ಮಹಾಜನರಿಗೂ ನಗರದ ಹದಿನೆಂಟು ಪ್ರಕೃತಿಗಳಿಗೂ (ಪ್ರಜಾವರ್ಗಗಳಿಗೂ) ಒಂದು ಆಚಾರವ್ಯವಸ್ಥೆ ಹಾಕಿಕೊಟ್ಟ. ಕನ್ನಡದಲ್ಲಿರುವ ಈ ಶಾಸನ ಯುದ್ಧದ ಮಾತೆತ್ತುವುದಿಲ್ಲ. ಆಳಿಲ್ಲದ ಮನೆಗಳನ್ನು ಅರಸನ ಅಧಿಕಾರಿಗಳು ಕಾಯಬೇಕು, ಹಿಂದಿನಿಂದ ಬಂದ ಮರ್ಯಾದೆಗಳನ್ನು ಉಳಿಸಬೇಕು, ಒಕ್ಕಲುಗಳು ತಮ್ಮ ತಮ್ಮ ಸ್ಥಿತಿಗೆ ತಕ್ಕಂತೆ ತೆರಿಗೆ ಕೊಡಬೇಕು ಎನ್ನುತ್ತದೆ. ಅರಸು ಮನೆತನ ಹೀಗೆ ಕಟ್ಟಳೆ ಬರೆದುಕೊಡುವಷ್ಟು ಊರು ಆಗಲೇ ಬೆಳೆದಿತ್ತು. ನನ್ನ ಮಟ್ಟಿಗೆ ಇದು ಕರ್ನಾಟಕದ ಅಮೂಲ್ಯ ಶಾಸನಗಳಲ್ಲೊಂದು; ಶಾಲೆಯ ಪಾಠಗಳಲ್ಲಿ ಇದಕ್ಕೆ ಜಾಗ ಸಿಗಬೇಕು.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಯಾವ ಸೀಮೆಯದೆಂದು ಗುರುತಿಸುವಾಗ ಕಿಸುವೊಳಲು (ಪಟ್ಟದಕಲ್ಲು), ಕೊಪಣ (ಕೊಪ್ಪಳ), ಒಂಕುಂದಗಳ ಜೊತೆ ಪುಲಿಗೆರೆಯನ್ನು ಹೆಸರಿಸುತ್ತದೆ. ವಿಕ್ರಮಾರ್ಜುನ ವಿಜಯವನ್ನು 941ರ ಸುಮಾರಿಗೆ ಬರೆದ ಪಂಪ, ತನ್ನ ಕಾವ್ಯದ ನುಡಿ ಪುಲಿಗೆರೆಯ ತಿರುಳ್ಗನ್ನಡ ಎಂದ. ಅವನು ಇದ್ದದ್ದು ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ, ತೆಲುಗು ನಾಡಿನಲ್ಲಿ. ಅಷ್ಟು ದೂರದಿಂದಲೂ ಈ ಊರಿನ ಮಾತನ್ನೇ ತನ್ನದೆಂದ!

ಪುಲಿಗೆರೆ ಒಂದು ನಾಡಿಗೂ ತಲೆಯೂರು. ಪುಲಿಗೆರೆ ಮುನ್ನೂರು, ಬೆಳ್ವೊಲ ಮುನ್ನೂರು ಎರಡನ್ನೂ ಸೇರಿಸಿ ಶಾಸನಗಳು ‘ಎರಡರುನೂರು’ ಎನ್ನುತ್ತವೆ. ರಾಷ್ಟ್ರಕೂಟ ಮೂರನೆಯ ಕೃಷ್ಣ ಗಂಗರ ಬೂತುಗನಿಗೆ ಕೊಟ್ಟ ನಾಡುಗಳಲ್ಲಿ ಇವೆರಡೂ ಇದ್ದುದನ್ನು ಆತಕೂರಿನ ಶಾಸನದಲ್ಲಿ ಕಾಣಬಹುದು.

ಊರಿನ ಶಂಖ ಬಸದಿ ಜೈನರ ಹಳೆಯ ನೆಲೆ. ಸೌರಾಷ್ಟ್ರದಿಂದ ಬಂದ ವ್ಯಾಪಾರಿ ಶರಣ ಆದಯ್ಯ ಇಲ್ಲಿನ ಜೈನ ಕನ್ಯೆ ಪದ್ಮಾವತಿಯನ್ನು ಮದುವೆಯಾಗಿ, ಮುಂದೆ ಸೋಮನಾಥನನ್ನೇ ಇಲ್ಲಿಗೆ ಕರೆತಂದನೆಂಬ ಕಥೆ ರಾಘವಾಂಕನ ಸೋಮನಾಥ ಚಾರಿತ್ರದ್ದು. ಅದು ಭಕ್ತಿಕಾವ್ಯ, ವರದಿಯಲ್ಲ. ಜೈನರಿಗೂ ಶೈವರಿಗೂ ಇಲ್ಲಿ ನಡೆದ ಜಗಳದ ನೆನಪು ಅದರಲ್ಲಿದೆ. ನಂದಿಯ ಮೇಲೆ ಕುಳಿತ ಶಿವಪಾರ್ವತಿಯರ ಅಪರೂಪದ ಮೂರ್ತಿ ಸೋಮೇಶ್ವರ ಗುಡಿಯಲ್ಲಿದೆ. 1617ರಲ್ಲಿ ಆದಿಲ್‌ಶಾಹಿ ಅಧಿಕಾರಿ ಅಂಕುಶಖಾನ ಕಟ್ಟಿಸಿದ ಮಸೀದಿಯೂ ಇದೇ ಊರಿನದು.

ಈಗಿನ ಹೆಸರನ್ನು ಊರಿನ ಲಕ್ಷ್ಮೀಲಿಂಗೇಶ್ವರ ದೇವರಿಗೆ ಜೋಡಿಸುವುದು ರೂಢಿ. ಹಳೆಯ ಹೆಸರೂ ಪೂರ್ತಿ ಅಳಿದಿಲ್ಲ. ನಮ್ಮ ಹಿರಿಯರು ಬಾಯಿಪಾಠ ಮಾಡುತ್ತಿದ್ದ ಸೋಮೇಶ್ವರ ಶತಕ ಪುಲಿಗೆರೆ ಸೋಮನಾಥನದೆಂದೇ ಪ್ರಸಿದ್ಧ.