ಏನೂ ಆಗದ ದಿನದ ನೀರು

ನೀರಿನ ಗುಣ ಅಳೆಯುವ ಹೊಸ ಮೀಟರು ಹಿಡಿದು ಅಘನಾಶಿನಿ ಅಳಿವೆಗೆ ಹೊರಟಿದ್ದೀರಿ. ನೋಡಿ ಜೀವಕ್ಕೆ ಹಿತವಾಯಿತು, ಮಕ್ಕಳೇ. ಒಂದು ಮಾತು ಮಾತ್ರ ನೆನಪಿಡಿ. ಮೀನು ಸತ್ತು ತೇಲಿದ ದಿನ ಬಾಟಲಿ ತುಂಬಿಕೊಳ್ಳಲು ಎಲ್ಲರೂ ಬರುತ್ತಾರೆ. ಏನೂ ಆಗದ ದಿನ ನೀರಿಗಿಳಿಯುವವರು ಬೇಕಾಗಿದ್ದಾರೆ.

ಅಳಿವೆಯ ನೀರು ಒಂದೇ ಹದದಲ್ಲಿ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಕಡಲಂಚಿನ ತದಡಿಯ ಬಳಿ ಅದು ಹೆಚ್ಚುಕಡಿಮೆ ಕಡಲಿನಷ್ಟೇ ಉಪ್ಪು, ಸಾವಿರ ಪಾಲಿಗೆ 35ರ ಹತ್ತಿರ. ಆಷಾಢದಲ್ಲಿ, ಅಣೆಕಟ್ಟಿಲ್ಲದ ಈ ಹೊಳೆ ಘಟ್ಟದ ಮಳೆಯನ್ನೆಲ್ಲ ತಂದು ಸುರಿದಾಗ, ಅದೇ ಜಾಗ ಸಪ್ಪೆ. ಬಳಚು ಎಂಬ ಚಿಪ್ಪುಜೀವಿ ಚಿಪ್ಪು ಮುಚ್ಚಿಕೊಂಡು ಕೆಲವು ದಿನ ತಾಳುತ್ತದೆ. ಸಪ್ಪೆ ನೀರು ಬಹಳ ದಿನ ನಿಂತರೆ ಸಾಯುತ್ತದೆ. ಅದೇ ಮಳೆಗಾಲದಲ್ಲಿ ಹೊರಗಿನ ಕಡಲಲ್ಲಿ ಆಳದ ತಣ್ಣೀರು, ಆಮ್ಲಜನಕ ಕಡಿಮೆ ಇರುವ ನೀರು, ದಡದತ್ತ ಏರುತ್ತದೆ. ಬೂತಾಯಿ ಮೀನಿಗೆ ಮೇವು ಬೆಳೆಯುವುದೂ ಆ ನೀರಿನ ಸತ್ವದಿಂದಲೇ. ಇದೆಲ್ಲ ಪ್ರಕೃತಿಯ ನಡೆ. ಹತ್ತು ಮಳೆಗಾಲದ ಲೆಕ್ಕ ಕೈಯಲ್ಲಿಲ್ಲದಿದ್ದರೆ, ಬಳಚು ಸತ್ತಾಗ ಮಳೆ ಕೊಂದಿತೋ ಕೊಳಚೆ ಕೊಂದಿತೋ ಎಂದು ಹೇಗೆ ಹೇಳುತ್ತೀರಿ? ತಪ್ಪು ಮಾಡಿದವನು ನಿಮ್ಮ ಖಾಲಿ ಪುಟವನ್ನೇ ತನ್ನ ಸಾಕ್ಷಿ ಮಾಡಿಕೊಳ್ಳುತ್ತಾನೆ.

ನನ್ನದೇ ತಪ್ಪು ಹೇಳುತ್ತೇನೆ. ಒಂದಿಡೀ ವರ್ಷ ನಾನು ನೀರು ತೆಗೆದದ್ದು ಊಟದ ಹೊತ್ತಿನ ಆಸುಪಾಸಿನಲ್ಲಿ; ದೋಣಿ ಸಿಗುತ್ತಿದ್ದದ್ದು ಆಗಲೇ. ಆಮ್ಲಜನಕ ಭರ್ತಿ ಇದೆ ಎಂದು ಬರೆದೆ. ಆದರೆ ಬಿಸಿಲಿದ್ದಾಗ ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿಯಿಡೀ ಎಲ್ಲ ಜೀವಿಗಳೂ ಅದನ್ನು ಉಸಿರಾಡಿ ಖರ್ಚು ಮಾಡುತ್ತವೆ. ಮೀನಿಗೆ ಕಷ್ಟದ ಹೊತ್ತು ನಸುಕು. ಆ ಹೊತ್ತು ನನ್ನ ಪುಸ್ತಕದಲ್ಲಿ ಒಮ್ಮೆಯೂ ಇರಲಿಲ್ಲ. ಇಂದಿಗೂ ಅದು ಮನಸ್ಸಿಗೆ ಚುಚ್ಚುತ್ತದೆ.

ಭರತ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತದೆ. ಹಾಗಾಗಿ ಗಡಿಯಾರದ ಜೊತೆ ಭರತವೋ ಇಳಿತವೋ ಅದನ್ನೂ ಬರೆಯಿರಿ. ಆಮ್ಲಜನಕ ಅಳೆಯಲು ತುಂಬುವ ಬಾಟಲಿಯಲ್ಲಿ ಒಂದು ಗಾಳಿಗುಳ್ಳೆಯೂ ಉಳಿಯಬಾರದು. ಮೀಟರು ಕೆಟ್ಟರೆ ಕೆಲಸ ನಿಲ್ಲಿಸಬೇಡಿ: 1865ರಲ್ಲಿ ಇಟಲಿಯ ಆಂಜೆಲೊ ಸೆಕ್ಕಿ ಹಗ್ಗಕ್ಕೆ ಕಟ್ಟಿದ ಬಿಳಿ ತಟ್ಟೆಯನ್ನು ಕಡಲಿಗೆ ಇಳಿಬಿಟ್ಟು, ಅದು ಕಣ್ಮರೆಯಾಗುವ ಆಳದಿಂದಲೇ ನೀರಿನ ತಿಳಿ ಅಳೆದರು. ತಿಳಿ ಅಳೆಯಲು ಆ ತಟ್ಟೆ ಇವತ್ತಿಗೂ ಸಾಕು. ಬಳಚು ಹೆಕ್ಕುವ ಹೆಂಗಸರ ಮಾತನ್ನೂ ದಿನಾಂಕ ಹಾಕಿ ಬರೆದಿಡಿ; ಕೆಸರಿನ ವಾಸನೆ ಬದಲಾದದ್ದು ಮೊದಲು ತಿಳಿಯುವುದು ಅವರಿಗೆ.

2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹೆಸರು ಬಂತು, ಇನ್ನು ಅದನ್ನು ಕಾಯುವ ಲೆಕ್ಕ ಬೇಕು. ನಾಳೆ ಬೆಳಕು ಹರಿಯುವ ಮೊದಲೇ ದೋಣಿ ಹತ್ತಿ, ಮಕ್ಕಳೇ.