ಲೆಕ್ಕಕ್ಕೆ ಕೂರುವ ಮೊದಲು: ಹೇಳಿದ್ದು ಸಾಕೆ?



ಸ್ಕಂದಗಿರಿಯ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಓದಿದ ಮಕ್ಕಳು ಬ್ಯಾಂಕಿನ ಹುದ್ದೆಗೆ ಪರೀಕ್ಷೆ ಕಟ್ಟುತ್ತಾರೆ. ಅಲ್ಲಿ ‘ಡೇಟಾ ಸಫಿಷಿಯೆನ್ಸಿ’ ಎಂಬ ಒಂದು ಬಗೆಯ ಪ್ರಶ್ನೆ ಬರುವುದುಂಟು. ಅದು ಉತ್ತರ ಎಷ್ಟೆಂದು ಕೇಳುವುದಿಲ್ಲ. ಉತ್ತರ ಹೇಳಲು ಕೊಟ್ಟ ಮಾತು ಸಾಕೆ ಎಂದಷ್ಟೇ ಕೇಳುತ್ತದೆ. ಲೆಕ್ಕ ಬಲ್ಲ ಮಕ್ಕಳೂ ಇಲ್ಲಿ ಎಡವುತ್ತಾರೆ. ರಾತ್ರಿ ಊಟವಾದ ಮೇಲೆ ನೀವೇ ಕೂರಿಸಿಕೊಂಡು ಕಲಿಸಬಹುದು.

ಉದಾಹರಣೆ: ರೈತನೊಬ್ಬ ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಒಯ್ದ. ಬಂದ ಹಣವೆಷ್ಟು?

1. ಕಿಲೋಗೆ 500 ರೂಪಾಯಿಯಂತೆ ಎಲ್ಲವೂ ಮಾರಾಟವಾಯಿತು.
2. ಗೂಡಿನ ತೂಕ 60 ಕಿಲೋ.

ಮೊದಲು ಎರಡನೆಯದನ್ನು ಕೈಯಿಂದ ಮುಚ್ಚಿರಿ. ಧಾರಣೆ ಉಂಟು, ತೂಕವಿಲ್ಲ, ಸಾಲದು. ಈಗ ಒಂದನೆಯದನ್ನು ಮುಚ್ಚಿರಿ. ತೂಕ ಉಂಟು, ಧಾರಣೆಯಿಲ್ಲ, ಸಾಲದು. ‘ಇವತ್ತಿನ ಧಾರಣೆ ನನಗೆ ಗೊತ್ತು’ ಎನ್ನಬಾರದು; ಕಾಗದದಲ್ಲಿ ಇಲ್ಲದ್ದು ಲೆಕ್ಕಕ್ಕಿಲ್ಲ. ಎರಡೂ ಕೂಡಿದರೆ ಸಾಕು. ಗುಣಿಸಿ 30,000 ಎಂದು ಬರೆಯಬೇಕಾಗಿಲ್ಲ; ಆ ಹೊತ್ತು ಮುಂದಿನ ಪ್ರಶ್ನೆಗೆ ಉಳಿಯಿತು.

ಇನ್ನೊಂದು: ರಾಗಿ 10 ಕ್ವಿಂಟಾಲಿಗಿಂತ ಹೆಚ್ಚು ಬಂದಿತೆ? ‘8 ಕ್ವಿಂಟಾಲ್ ಬಂತು’ ಎಂಬ ಮಾತು ಸಾಕು. ‘ಇಲ್ಲ’ ಎಂಬುದೂ ಖಚಿತವಾದ ಉತ್ತರವೇ. ‘12ಕ್ಕಿಂತ ಕಡಿಮೆ ಬಂತು’ ಎಂದರೆ ಸಾಲದು. 11 ಇರಬಹುದು, 9 ಇರಬಹುದು.

ಈ ಅಭ್ಯಾಸ ನಮಗೂ ಬೇಕು. ಸಾವಿರ ಅಡಿ ದಾಟಿದರೂ ಒಣಗಿದ ಕೊಳವೆಬಾವಿಗಳನ್ನು ಕಂಡವರು ನಾವು. ಸಾಲ ಮಾಡಿ ಕೊರೆಸುವ ಮುನ್ನ, ‘ಪಕ್ಕದ ಹೊಲದಲ್ಲಿ ನೀರು ಬಿತ್ತು’ ಎಂಬ ಒಂದೇ ಮಾತು ಸಾಕೆ ಎಂದು ಕೇಳಿಕೊಳ್ಳಿರಿ.

— ನಿಮ್ಮ ಗ್ರಾಮಸೇವಕ